ರೇಟು ಹೇಳುತ್ತಿದ್ದ ಪರದೆ

ಆ ಮಿಕ್ಸಿ ರಿಪೇರಿ ಅಂಗಡಿಯಲ್ಲಿ ಗಂಡನದು ಬಾಯಿ, ಹೆಂಡತಿಯದು ಕೈ. ಆತ ಮುಂದೆ ಕೂತು ಗಿರಾಕಿಗಳ ಹತ್ತಿರ ಹರಟೆ ಹೊಡೆಯುತ್ತಾ ರೇಟು ಹೇಳುತ್ತಿದ್ದ. ಆಕೆ ಹೂವಿನ ಪರದೆಯ ಹಿಂದೆ ಮೋಟಾರು ಬಿಚ್ಚಿ, ಸವೆದ ಕಾರ್ಬನ್ ಬದಲಿಸಿ, ಒಮ್ಮೆ ಗರ್ ಅನ್ನಿಸಿ ಹೊರಗೆ ದೂಡುತ್ತಿದ್ದಳು. ಸದ್ದು ಕೇಳಿಯೇ ಮಿಕ್ಸಿಯ ಕಾಯಿಲೆ ಹೇಳುವವಳಿಗೆ, ಎದುರಿಗಿದ್ದವರ ಮುಖ ನೋಡಿ ದುಡ್ಡು ಕೇಳಬೇಕೆಂದರೆ ಮಾತ್ರ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು.

ಆಕೆಗೆ ಐವತ್ತು ದಾಟಿದ ಮೇಲೆ ಗಂಡ ತೀರಿಕೊಂಡ. ಕೈ ಉಳಿಯಿತು, ಬಾಯಿ ಹೋಯಿತು.

ಮಳಿಗೆ ಮೈದುನನದು. ಅವನು ಬಂದು ಗೋಡೆ ತಟ್ಟಿ ನೋಡಿದ. "ಅತ್ತಿಗೆ, ತಿಂಗಳ ಕೊನೆಗೆ ಬಾಡಿಗೆ ಕೊಟ್ರೆ ಅಂಗಡಿ ನಿಮ್ಮದೇ. ಇಲ್ಲಾಂದ್ರೆ ಬೇಜಾರು ಮಾಡ್ಕೋಬೇಡಿ, ನನ್ನ ಪೇಂಟ್ ಡಬ್ಬ ಇಡೋಕೂ ಜಾಗ ಬೇಕು."

"ಎಷ್ಟಾಯ್ತಕ್ಕ?" ಎಂದು ಕೇಳಿದವರಿಗೆಲ್ಲ ಆಕೆ ಮೊದಮೊದಲು "ನೀವೇ ನೋಡಿ ಕೊಡಿ" ಅನ್ನುತ್ತಿದ್ದಳು. ಅವರು ಚೆನ್ನಾಗಿ ನೋಡಿದರು, ಕೊಡುವಾಗ ಚಿಲ್ಲರೆ ಕೊಟ್ಟರು. ಹೀಗಾದರೆ ಡಬ್ಬಗಳು ಬರುವುದು ಖಂಡಿತ ಅನ್ನಿಸಿ, ಒಂದು ದಿನ ಗಿರಾಕಿ ಬಾಯಿ ತೆರೆಯುವಷ್ಟರಲ್ಲಿ ಆಕೆ ಎದ್ದು ಪರದೆಯ ಹಿಂದೆ ಹೋಗಿ ನಿಂತಳು.

"ಮುನ್ನೂರು!"

ಅಷ್ಟು ಗಟ್ಟಿ ದನಿ ತನ್ನದೇ ಎಂದು ಆಕೆಗೇ ನಂಬಿಕೆಯಾಗಲಿಲ್ಲ. ಗಿರಾಕಿ ಪರದೆಯ ಹೂವುಗಳ ಜೊತೆ ಚೌಕಾಸಿಗಿಳಿದ. "ಸ್ವಲ್ಪ ಕಮ್ಮಿ ಮಾಡಿ."

"ಆಗಲ್ಲ," ಎಂದಿತು ಪರದೆ.

ಅಲ್ಲಿಂದ ಅದೇ ಪದ್ಧತಿಯಾಯಿತು. ರೇಟು ಹೇಳಲು ಒಳಗೆ, ದುಡ್ಡು ತೆಗೆದುಕೊಳ್ಳಲು ಹೊರಗೆ. ಮಂಡಿಗಳು ಗೋಳಾಡಿದರೂ ರಾತ್ರಿ ಕಣ್ತುಂಬ ನಿದ್ದೆ ಬರತೊಡಗಿತು. ಪಕ್ಕದ ಕ್ಷೌರದವನು ಕತ್ತರಿ ಆಡಿಸುತ್ತಲೇ ಕೂಗಿದ, "ಅಕ್ಕಾ, ಆ ಪರದೆಗೊಂದು ಕುರ್ಚಿ ಹಾಕಿ. ವ್ಯಾಪಾರ ಎಲ್ಲಾ ಅದೇ ಮಾಡ್ತಿದೆ!"

ತಿಂಗಳ ಕೊನೆಗೆ ಡ್ರಾಯರಿನಲ್ಲಿದ್ದುದನ್ನು ಎಣಿಸಿದರೆ ಬಾಡಿಗೆಗೆ ಇನ್ನೂ ಸ್ವಲ್ಪ ಕಮ್ಮಿ. ಅಷ್ಟರಲ್ಲಿ ಮೈದುನ ಬಂದೇಬಿಟ್ಟ. ಒಂದು ಕೈಯಲ್ಲಿ ಅಳತೆ ಟೇಪು, ಇನ್ನೊಂದರಲ್ಲಿ ತನ್ನ ಮನೆಯ ಮಿಕ್ಸಿ.

"ಹೇಗೂ ಬರ್ತಿದ್ದೆ, ಇದನ್ನೂ ಒಂಚೂರು ನೋಡಿ ಅತ್ತಿಗೆ."

ಆಕೆ ಕೌಂಟರಿನ ಮೇಲೇ ಬಿಚ್ಚಿ ಸರಿಮಾಡಿ, ಮುಚ್ಚಳ ಹಾಕಿ, ರೂಢಿಯಂತೆ ಒಳಗೋಡಲು ತಿರುಗಿದಳು. ಪರದೆಯೇ ಇಲ್ಲ! ಅಳತೆಗೆ ಅಡ್ಡವೆಂದು ಮೈದುನ ಅದನ್ನು ಕಿತ್ತು, ಸ್ನಾನಕ್ಕೆ ಹೊರಟವನಂತೆ ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದಾನೆ. ನಾಲಿಗೆ ಅಂಗುಳಕ್ಕೆ ಅಂಟಿತು. ಆದರೆ ಹೂವು ಹೊದ್ದ ಆ ಭಾರಿ ಆಳನ್ನು ಕಂಡು ಆಕೆಗೆ ನಗು ಉಕ್ಕಿತು. ನಗುವಿನ ಜೊತೆಗೇ ಮಾತೂ ಹೊರಬಿತ್ತು.

"ನಾನೂರು."

"ಏನತ್ತಿಗೆ, ನನ್ನ ಹತ್ರನೂ? ಮನೆಯವನಲ್ವಾ ನಾನು?"

"ಮನೆಗೆ ಬಾರಪ್ಪ, ಹೊಟ್ಟೆ ತುಂಬ ಊಟ ಹಾಕ್ತೀನಿ. ಇದು ಅಂಗಡಿ."

ಅವನು ಗೊಣಗುತ್ತಾ ಜೇಬಿಗೆ ಕೈ ಹಾಕಿದ. ಆಕೆ ಆ ನಾನೂರನ್ನು ಡ್ರಾಯರಿನ ದುಡ್ಡಿಗೆ ಸೇರಿಸಿ, ಇನ್ನೊಮ್ಮೆ ಎಣಿಸಿ, ಅವನ ಕೈಗೇ ಇಟ್ಟಳು.

"ತಗೋ, ನಿನ್ನ ಬಾಡಿಗೆ. ಸರಿಯಾಗಿದೆಯಾ ನೋಡ್ಕೋ."

ಮರುದಿನ ಕ್ಷೌರದವನು ಇಣುಕಿದ. "ಪರದೆ ಎಲ್ಲಿ ಅಕ್ಕಾ?"

"ರಜಾ ಹಾಕಿದೆ," ಎಂದಳು ಆಕೆ, ಕೂತಲ್ಲಿಂದಲೇ.