ಹುಲುಗಪ್ಪನ ಕರಿ ಪುಡಿ

ಬಳ್ಳಾರಿ ಕಂಟೋನ್ಮೆಂಟಿನ ಕಡೆಗಿದ್ದ ಒಂದು ಕಾಲೇಜಿನಲ್ಲಿ ಕುರುಗೋಡಿನ ಹುಲುಗಪ್ಪ ಎಂಟು ವರ್ಷದಿಂದ ಹಂಗಾಮಿ ಅಟೆಂಡರ್. ಸ್ವಾತಂತ್ರ್ಯ ಬಂದು ನಾಲ್ಕು ವರ್ಷ ಕಳೆದಿತ್ತು. ಬ್ರಿಟಿಷರು ಖಾಯಮ್ಮಾಗಿ ಹೋದರು, ಹುಲುಗಪ್ಪ ಹಂಗಾಮಿಯಾಗಿಯೇ ಉಳಿದ.

ಪ್ರಯೋಗಶಾಲೆಯಲ್ಲಿ ಸೀಸೆ ತೊಳೆಯುವುದು ಅವನ ಕೆಲಸ. ರಸಾಯನಶಾಸ್ತ್ರದ ಮೇಷ್ಟ್ರು ಮರಿಬಸಪ್ಪನವರ ಕೆಲಸ, ಅವನು ಮಾಡಿದ್ದಕ್ಕೆಲ್ಲ ಸಹಿ ಹಾಕುವುದು. ಕಬ್ಬಿಣದ ಎರಡು ಬಗೆಯ ಉಪ್ಪನ್ನು ಅಳತೆ ಹಿಡಿದು ನೀರಲ್ಲಿ ಕರಗಿಸಿ, ಅಮೋನಿಯಾ ಸುರಿದು, ಹುಲುಗಪ್ಪ ಪಾತ್ರೆಯ ತಳಕ್ಕೆ ಒಂದು ಕರಿ ಪುಡಿ ಇಳಿಸುತ್ತಿದ್ದ. ಕಾಡಿಗೆಗಿಂತ ನುಣುಪು. ಅಯಸ್ಕಾಂತ ಹಿಡಿದರೆ ಹಿಂದೆಯೇ ಓಡಿಬರುತ್ತಿತ್ತು; ತೆಗೆದರೆ ಗುರುತೇ ಇಲ್ಲದವರಂತೆ ಹರಡಿ ಕೂರುತ್ತಿತ್ತು. ನಲವತ್ತೆರಡರ ಚಳವಳಿಯಲ್ಲಿ ನಮ್ಮ ಜೊತೆ ಜೈಲಿಗೆ ಬಂದು, ಐವತ್ತೊಂದರಲ್ಲಿ ಚುನಾವಣೆಯ ಟಿಕೆಟ್ಟಿಗೆ ಸಾಲು ನಿಂತವರ ಸ್ವಭಾವವೂ ಇದೇ.

ಆಗ ನಮ್ಮ ರಾಜಧಾನಿಯಾಗಿದ್ದ ಮದ್ರಾಸಿನಿಂದ ತನಿಖೆಗೆ ಸಾಹೇಬರು ಬರುವುದಾಯಿತು. ಅವರು ಪುಡಿ ಮೆಚ್ಚಿದರೆ ನೌಕರಿ ಖಾಯಂ ಎಂದು ಮರಿಬಸಪ್ಪ ಹುಲುಗಪ್ಪನಿಗೆ ಮಾತು ಕೊಟ್ಟರು. ಸಾಹೇಬರು ಬಂದರೆಂದರೆ ನಮ್ಮಲ್ಲಿ ಗೋಡೆಗೆ ಸುಣ್ಣ, ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ. ಅಂಥ ಸಡಗರದಲ್ಲಿ ಒದ್ದೆ ಪುಡಿ ತೋರಿಸುವುದು ಮೇಷ್ಟ್ರಿಗೆ ಅಮರ್ಯಾದೆ ಅನ್ನಿಸಿತು.

“ಏನಲೇ ಇದು, ರಾಡಿ. ಬಾಣಲ್ಯಾಗ ಹಾಕಿ ಚಂದಂಗ ಹುರಿ.”

“ಹುರಿದ್ರ ಕೆಡತೈತ್ರಿ. ಗಾಳ್ಯಾಗ ಕಾದ್ರ ಕೆಂಪಗಾಗತೈತಿ.”

“ನೀ ಯಾವ ಸಾಲ್ಯಾಗ ಓದಿದ್ಯಪ್ಪ ಇದನ್ನ?”

“ನಿಮ್ಮ ಸೀಸೆ ತೊಳಕೊಂತ ಓದೀನ್ರಿ.”

ಮೇಷ್ಟ್ರೇ ಮುಂದೆ ನಿಂತು, ಬಾಣಲೆಯ ತಳ ಕೆಂಡವಾಗುವ ತನಕ ಹುರಿಸಿದರು. ಪುಡಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಅಯಸ್ಕಾಂತ ಹಿಡಿದರೆ ಮಲಗಿದಲ್ಲೇ ಮಲಗಿತ್ತು. ನಮ್ಮ ಗುಡ್ಡದ ತುಂಬ ಬಿಟ್ಟಿ ಬಿದ್ದಿರುವ ಕೆಂಪು ಮಣ್ಣನ್ನು ಸರ್ಕಾರದ ಖರ್ಚಿನಲ್ಲಿ ತಯಾರಿಸಿದಂತಾಯಿತು. ತಂದಿದ್ದ ಕೆಮ್ಮಣ್ಣು ಸಾಲದೆ ಒದ್ದಾಡುತ್ತಿದ್ದ ಸುಣ್ಣದವನು ಅದನ್ನೂ ಕಲಸಿ ಪಟ್ಟಿ ಎಳೆದುಬಿಟ್ಟ.

ಹುಲುಗಪ್ಪ ಬೆಪ್ಪನಲ್ಲ. ಒಂದು ಹಿಡಿ ಕರಿ ಪುಡಿಯನ್ನು ಮಸಿಸೀಸೆಗೆ ಹಾಕಿ, ನೀರು ತುಂಬಿ, ಬಿರಡೆ ಬಿಗಿದು ಎತ್ತಿಟ್ಟಿದ್ದ. ಮರುದಿನ ಸಾಹೇಬರು ಸೀಸೆಗೆ ಅಯಸ್ಕಾಂತ ಒಡ್ಡಿದರು. ಒಳಗಿನ ಕರಿ ಪುಡಿ ಗಾಜು ಹತ್ತಿ ಬಂತು. ಖುಷಿಯಾಗಿ, ತಮ್ಮೆದುರು ಒಮ್ಮೆ ಮಾಡಿ ತೋರಿಸಿ ಎಂದು ಮೇಷ್ಟ್ರಿಗೆ ಹೇಳಿದರು. ಮರಿಬಸಪ್ಪ ಅಮೋನಿಯಾ ಸೀಸೆಯ ಬಾಯಿಗೇ ಮೂಗಿಟ್ಟು, ಕಣ್ಣೀರು ಸುರಿಸುತ್ತ, “ಹುಲುಗಪ್ಪ, ಮಾಡು” ಎಂದರು.

ಹುಲುಗಪ್ಪ ಕೈಕಟ್ಟಿ ನಿಂತ.

“ಖಾಯಂ ಕಾಗದಕ್ಕ ಸಹಿ ಆಗ್ಲಿ, ಕಲಸ್ತೀನ್ರಿ.”

“ಸಾಹೇಬ್ರ ಎದುರಿಗೆ ಇದೇನಲೇ?”

“ನಿಮ್ಮ ಎದುರಿಗೆ ಎಂಟು ವರ್ಷ ಕೇಳಿದ್ನಲ್ರಿ.”

ಸಹಿ ಬಿತ್ತು, ಪುಡಿ ಇಳಿಯಿತು. ಸಾಹೇಬರ ವರದಿಯಲ್ಲಿ ಮರಿಬಸಪ್ಪನವರ ಸಂಶೋಧನೆಗೆ ಭಾರೀ ಹೊಗಳಿಕೆ.

ಕಾಲೇಜಿನಲ್ಲಿ ಇನ್ನೂ ಆರು ಜನ ಹಂಗಾಮಿಗಳಿದ್ದರು. ಹೀಗೆ ಕೈಕಟ್ಟಿ ನಿಲ್ಲುವುದನ್ನು ಅವರಿಗೂ ಕಲಿಸು ಎಂದು ಕೇಳಲು, ಊರಲ್ಲಿ ಕೂಲಿಯವರ ಸಂಘ ಕಟ್ಟುತ್ತಿದ್ದ ನಾವು ಅವನ ಮನೆಗೆ ಹೋದೆವು. “ಇವತ್ತು ಸುಸ್ತೈತ್ರಿ,” ಎಂದು ಗೋಡೆಗೆ ತಿರುಗಿ ಮಲಗಿದ. ಅವನ ಹೆಂಡತಿ, ಸಿರುಗುಪ್ಪದ ಅಕ್ಕನಾಗಮ್ಮ, ಚಹಾ ಕೊಡುತ್ತ ಹೇಳಿದಳು:

“ಆರ್ಡರ್ ಬಂದಾಗಿಂದ ದಿನಾ ಸುಸ್ತ ಐತ್ರಿ.”