ದೊಡ್ಡವ್ವನ ಪಾಲಿನ ಟಾನಿಕ್ಕು

ನಿನ್ನದು ಗಟ್ಟಿ ಮೂಳೆ ಎಂದು ಯಾರಾದರೂ ಹೊಗಳಿದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ. ಅವರ ಮೇಲಲ್ಲ, ನನ್ನ ಮೇಲೆ.

ಅವ್ವನ ಅಕ್ಕ, ನನ್ನ ದೊಡ್ಡವ್ವ, ಪಾಂಡವಪುರದ ಹತ್ತಿರದ ನಮ್ಮ ಮನೆಯಲ್ಲೇ ಇದ್ದಳು. ಗಂಡ ತೀರಿಕೊಂಡ ಮೇಲೆ ಬಂದವಳು ನನ್ನನ್ನು ಎತ್ತಿ ಆಡಿಸಿ ಬೆಳೆಸಿದಳು. ಭಾರಿ ಮೈಯ ಹೆಂಗಸು. ಅವಳು ಹತ್ತಿದರೆ ಬಸ್ಸು ಒಂದು ಕಡೆ ವಾಲುತ್ತದೆ ಎಂದು ಕಂಡಕ್ಟರು ರೇಗಿಸಿದರೆ ಅವನಿಗಿಂತ ಜೋರಾಗಿ ಅವಳೇ ನಗುತ್ತಿದ್ದಳು. ಅವಳಿಗಿದ್ದದ್ದು ಒಂದೇ ಆಸೆ, ಕರಿಘಟ್ಟದ ಬೆಟ್ಟದ ಗುಡಿಯ ಮೆಟ್ಟಿಲನ್ನು ತನ್ನ ಕಾಲಲ್ಲೇ ಹತ್ತಬೇಕು. ಮಂಡಿನೋವು ಬಿಡುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವೆ, ನಾನು ಹೈಸ್ಕೂಲು ಹುಡುಗಿಯಾಗಿದ್ದಾಗ, ಡಾಕ್ಟರು ತೂಕ ಇಳಿಸಲು ಹೇಳಿದರು. ಮನೆಗೆ ಬಂದವಳೇ ಮುದ್ದೆ ಬಿಟ್ಟಳು, ಹಾಲು ಮೊಸರು ಬಿಟ್ಟಳು. ಮೈ ಬರುವುದೇ ಇವುಗಳಿಂದ ಎಂದು ಅವಳ ನಂಬಿಕೆ. ತಾನೇ ಕರೆದ ಹಾಲನ್ನು ಒಂದು ತೊಟ್ಟೂ ಬಾಯಿಗೆ ಹಾಕದೆ ಡೈರಿಗೆ ಹೊರುತ್ತಿದ್ದಳು. ಎರಡು ಹಿಡಿ ಅನ್ನ, ತಿಳಿಸಾರು, ಸೌತೆಕಾಯಿ. ವರ್ಷ ಒಂದೂವರೆ ಹೀಗೇ ನಡೆಯಿತು. ರವಿಕೆಗಳನ್ನೆಲ್ಲ ಬಿಗಿ ಮಾಡಿಸಿಕೊಂಡಳು, ಊರೇ ಹೊಗಳಿತು. ಮಂಡಿನೋವು ತಗ್ಗಿತು, ಆದರೆ ಬೆನ್ನು, ಸೊಂಟ ನೋಯತೊಡಗಿದವು.

ಮತ್ತೆ ಡಾಕ್ಟರ ಹತ್ತಿರ ಹೋದಾಗ ಜೊತೆಗೆ ನಾನಿದ್ದೆ. ಅವಳ ಊಟದ ವಿಷಯ ಕೇಳಿ ಅವರು ಹಣೆ ಚಚ್ಚಿಕೊಂಡರು.

"ಕಡಿಮೆ ತಿನ್ನಿ ಅಂದ್ರೆ ರಾಗಿ, ಹಾಲನ್ನೇ ಬಿಡೋದಾ? ಮೂಳೆ ಟೊಳ್ಳಾಗುತ್ತೆ ಕಣಮ್ಮ," ಎಂದು ಒಂದು ಟಾನಿಕ್ಕು ಬರೆದುಕೊಟ್ಟರು.

ಟಾನಿಕ್ಕು ಎಂಬ ಆ ಮಾತೊಂದು ಎಲ್ಲವನ್ನೂ ಕೆಡಿಸಿತು. ನಮ್ಮ ಕಡೆ ಟಾನಿಕ್ಕು ಎಂದರೆ ಬಡಕಲು ಮಕ್ಕಳಿಗೆ ಮೈ ಬರಿಸುವ ಔಷಧ. ಮೂಳೆಯ ಮಾತು ದೊಡ್ಡವ್ವನ ಕಿವಿಗೆ ಬೀಳಲೇ ಇಲ್ಲ.

"ಇಷ್ಟು ಕಷ್ಟಬಿದ್ದು ಇಳ್ಸಿವ್ನಿ, ಇದ ಕುಡುದು ತಿರ್ಗ ಊದ್ಕೊಳಾನಾ?" ಎಂದಳು. "ನೀನು ಕಡ್ಡಿ ಇದ್ದಂಗಿದ್ದೀಯ. ನೀ ಕುಡಿ ಮಗ."

ಬಾಟಲಿಯ ಮೇಲೆ ಕ್ಯಾಲ್ಸಿಯಂ ಎಂದು ಇಂಗ್ಲಿಷಿನಲ್ಲಿತ್ತು. ಅದು ಮೂಳೆಗೆ ಬೇಕಾದದ್ದು ಎಂದು ವಿಜ್ಞಾನದ ಪಾಠದಲ್ಲಿ ಓದಿದ್ದೆ. ಹೇಳಬಹುದಿತ್ತು. ಆದರೆ ಗುಲಾಬಿ ಬಣ್ಣದ ಆ ಟಾನಿಕ್ಕು ಸಿಹಿಯಾಗಿತ್ತು, ಸುಮ್ಮನೆ ಬಾಯಿ ತೆರೆದೆ. ದಿನಾ ಬೆಳಿಗ್ಗೆ ಕೈಯಾರೆ ಒಂದು ಮುಚ್ಚಳ ಕುಡಿಸಿ, ಸೆರಗಿನಿಂದ ನನ್ನ ತುಟಿ ಒರೆಸುತ್ತಿದ್ದಳು. ನಾನು ಮೈ ತುಂಬಿಕೊಂಡದ್ದು ಕಂಡು ಇನ್ನೊಂದು ಬಾಟಲಿ ತರಿಸಿದಳು.

ಕೊನೆಗೆ ಒಂದು ಶನಿವಾರ ಕರಿಘಟ್ಟಕ್ಕೆ ಹೋಗುವುದೆಂದಾಯಿತು. ಗುರುವಾರ ಡೈರಿಯ ಮುಂದೆ, ಹಾಲು ಚೆಲ್ಲಿದ ಕಲ್ಲಿನ ಮೇಲೆ ಅವಳ ಕಾಲು ಜಾರಿತು. ನಿಂತಲ್ಲೇ ಕುಸಿದಳು, ಅಷ್ಟೆ. ಸೊಂಟದ ಮೂಳೆ ಮುರಿಯಿತು. ಇಷ್ಟಕ್ಕೇ ಮುರಿಯುವುದುಂಟೇ ಎಂದು ಎಲ್ಲರೂ ಅಂದರು. ನಾನೊಬ್ಬಳು ಅನ್ನಲಿಲ್ಲ.

ಮೂಳೆ ಕೂಡಿತು, ಕಾಲು ಗಿಡ್ಡವಾಯಿತು. ಕರಿಘಟ್ಟದ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಹಿತ್ತಿಲಿಗೆ ಹೋಗಲೂ ನನ್ನ ಹೆಗಲು ಬೇಕಾಯಿತು. ಒಂದು ದಿನ ಹಾಗೆ ನಡೆಸಿಕೊಂಡು ಹೋಗುವಾಗ ತಡೆಯಲಾರದೆ ಅತ್ತುಬಿಟ್ಟೆ. ಅದು ಮೂಳೆಗೆಂದು ಗೊತ್ತಿದ್ದೂ ನಿನ್ನ ಪಾಲಿನದನ್ನು ಕುಡಿದೆ ಎಂದೆ. ಅವಳು ನಿಂತು ನನ್ನ ಹೆಗಲನ್ನು ಒತ್ತಿ ನೋಡಿದಳು.

"ಬುಡು ಮಗ. ಅದೆಲ್ಲೋಯ್ತು? ಇಲ್ಲೇ ಐತಲ್ಲ," ಎಂದು ಪೂರಾ ಭಾರವನ್ನು ನನ್ನ ಮೇಲೆ ಬಿಟ್ಟಳು. ಭಾರವೇ ಇರಲಿಲ್ಲ.