ಕೈಪಂಪಿನ ನೀರು, ನನ್ನ ಸೇಡು

ನಮ್ಮ ಹೌಸಿಂಗ್ ಸೊಸೈಟಿಯ ಗೇಟಿನ ಪಕ್ಕದ ಗೋಡೆಯಲ್ಲಿ ಈಗ ನಾಲ್ಕು ತೂತುಗಳಿವೆ. ಮೊದಲು ಅಲ್ಲೊಂದು ಫಲಕವಿತ್ತು. ಅದನ್ನು ಬಿಚ್ಚಿಸಿದವಳು ನಾನು. ಬೆಳಿಗ್ಗೆ ಹಾಲಿನ ಪಾಕೀಟು ತರಲು ಹೋಗುವಾಗ ಆ ತೂತುಗಳು ಕಣ್ಣಿಗೆ ಬಿದ್ದರೆ ಈಗಲೂ ನನಗೆ ಖುಷಿಯಾಗುತ್ತದೆ. ಆಗಬಾರದು ಎಂದು ಗೊತ್ತು, ಆದರೂ ಆಗುತ್ತದೆ.

ನನ್ನದು ಮೊದಲಿನಿಂದಲೂ ಇಂಥದೇ ಸ್ವಭಾವ. ಧಾರವಾಡದಲ್ಲಿ ನಮ್ಮವ್ವ ಬಂದವರೆದುರಿಗೆಲ್ಲ, "ಈಕೀದು ಸಿಟ್ಟು ಮೂಗಿನ ತುದೀಗೇ ಇರ್ತದ ನೋಡ್ರಿ" ಎಂದು ಹೇಳುತ್ತಿದ್ದಳು. ಮದುವೆಯಾಗಿ ಪುಣೆಗೆ ಬಂದವಳು ಒಂದು ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದೆ. ನಿವೃತ್ತಳಾಗುವವರೆಗೂ ಹುಡುಗರಿಗೆ ಬ್ಯೂರೆಟ್ಟು ತೊಳೆಯುವುದನ್ನು, ಅದರ ನಲ್ಲಿಯಿಂದ ದ್ರಾವಣವನ್ನು ಹನಿಹನಿಯಾಗಿ ಬಿಡುವುದನ್ನು ಕಲಿಸಿದೆ. ಅವಸರ ಮಾಡಿದರೆ ಬಣ್ಣ ತಿರುಗುವ ಗಳಿಗೆ ತಪ್ಪಿಹೋಗುತ್ತದೆ. ಸಿಟ್ಟನ್ನೂ ಹಾಗೆ ಹನಿಹನಿಯಾಗಿ ಬಿಡಬೇಕೆಂದು ಅಲ್ಲೇ ಕಲಿತೆ. ಅದು ಒಳ್ಳೆಯ ಪಾಠವೆಂದೇ ಬಹಳ ಕಾಲ ನಂಬಿದ್ದೆ.

ನಮ್ಮ ಸೊಸೈಟಿ ಇರುವುದು ಪುಣೆಯ ಕೊಂಢವಾ ಬಡಾವಣೆಯ ಒಂದು ಇಳಿಜಾರಿನ ಮೇಲೆ. ಹಿಂದಿನ ಕಂಪೌಂಡಿನಾಚೆ ತಗಡಿನ ಮನೆಗಳ ಸಾಲೊಂದಿದೆ. ಕಟ್ಟಡದ ಕೆಲಸಕ್ಕೆ ಬಂದು ಇಲ್ಲೇ ನಿಂತವರು. ಅರ್ಧಕ್ಕರ್ಧ ಜನ ವಿಜಯಪುರ, ಕಲಬುರಗಿ ಕಡೆಯವರು. ಅವರಿಗೆ ಇಳಿಜಾರಿನ ಕೆಳಗಿನ ನಳದ ನೀರು ದಿನ ಬಿಟ್ಟು ದಿನ, ಅದೂ ಒಂದು ತಾಸು. ಉಳಿದದ್ದಕ್ಕೆಲ್ಲ ಗೋಡೆಯ ಬುಡದಲ್ಲಿರುವ ಒಂದು ಕೈಪಂಪೇ ಗತಿ. ನನ್ನ ಮನೆಗೆ ಅಡುಗೆಗೆ ಬರುವ ಹೆಂಗಸು ಆ ಸಾಲಿನವಳು.

ನಮ್ಮ ಅಂಗಳದ ಬೋರ್‌ವೆಲ್ ಬತ್ತಿ ಎಷ್ಟೋ ವರ್ಷಗಳಾಗಿದ್ದವು. ತಾರಸಿಯ ಮೇಲೆ ಬಿದ್ದ ಮಳೆನೀರನ್ನೆಲ್ಲ ಅದರೊಳಗೆ ಇಳಿಸೋಣ, ನೆಲದ ನೀರು ಹೆಚ್ಚಲಿ ಎಂದು ಸಭೆಸಭೆಯಲ್ಲೂ ಜಗಳ ತೆಗೆದು, ಕೊನೆಗೂ ಇಂಗುಗುಂಡಿ ಮಾಡಿಸಿದವಳು ನಾನೇ. ಜಲ್ಲಿ, ಮರಳು, ಇದ್ದಿಲುಗಳನ್ನು ಪದರ ಪದರವಾಗಿ ನಿಂತು ಹಾಕಿಸಿದೆ. ಮೇಲೆ ಕಬ್ಬಿಣದ ಜಾಳಿಗೆ. ಈ ಊರಿನ ನೆಲದಡಿಯದು ಕಪ್ಪು ಕಲ್ಲು; ಬಿರುಕು ಎತ್ತ ಹೋಗುತ್ತದೋ ನೀರೂ ಅತ್ತ. ನಮ್ಮ ಬಿರುಕು ಗೋಡೆಯಾಚೆ ಹೋಗಿತ್ತು. ಮರುವರ್ಷದ ಏಪ್ರಿಲ್‌ನಲ್ಲಿ ಅಡುಗೆಯವಳು ಚಪಾತಿ ಲಟ್ಟಿಸುತ್ತ, "ಬಾಯಾರ, ಈ ಸಲ ಪಂಪ್ ನಿಂತಿಲ್ರಿ! ಹೋಳಿ ಆದ ಮ್ಯಾಲ ಯಾವಾಗೂ ಬರೇ ಗಾಳಿ ಬರ್ತಿತ್ತು," ಎಂದಾಗ ನನಗಾದ ಹೆಮ್ಮೆ ನಿವೃತ್ತಿಯ ದಿನ ಶಾಲು ಹೊದಿಸಿದಾಗಲೂ ಆಗಿರಲಿಲ್ಲ.

ಇನ್ನು ನಮ್ಮ ಅಧ್ಯಕ್ಷರು. ಇಸ್ತ್ರಿ ಮಾಡಿದ ಅಂಗಿ, ಬಣ್ಣ ಹಚ್ಚಿದ ಮೀಸೆ. ಕಾರಿನಿಂದ ಇಳಿಯುವಾಗಲೂ ಯಾರಾದರೂ ಫೋಟೋ ತೆಗೆಯುತ್ತಿದ್ದಾರೇನೋ ಎನ್ನುವಂತೆ ನಿಲ್ಲುತ್ತಿದ್ದರು. ಆ ವರ್ಷ ಮಳೆಗಾಲಕ್ಕೆ ಮೊದಲು ನಮ್ಮ ವಾರ್ಡಿನಲ್ಲಿ ಸ್ವಚ್ಛ ಸೊಸೈಟಿ ಸ್ಪರ್ಧೆ ನಡೆಯಿತು. ಅಧ್ಯಕ್ಷರು ತಾವೇ ಕೈಗೆ ರಬ್ಬರಿನ ಗವಸು ಹಾಕಿಕೊಂಡು ತೋಟದ ಸಾಮಾನಿನ ಕೋಣೆ ಖಾಲಿ ಮಾಡಿಸಿದರು. ಗುಲಾಬಿಗೆ ಹೊಡೆಯುವ ಔಷಧ, ಗೆದ್ದಲಿನ ಔಷಧ, ಚೀಟಿ ಕಿತ್ತುಹೋದ ಡಬ್ಬಿಗಳು, ಎಷ್ಟು ಹಳೆಯವೋ. ಡಬ್ಬಿಗಳು ತೊಳೆದು ರದ್ದಿಯವನಿಗೆ ಹೋದವು. ಸೊಸೈಟಿಗೆ ಎರಡನೆಯ ಬಹುಮಾನ ಬಂತು, ಗೇಟಿನ ಪಕ್ಕ ಹಿತ್ತಾಳೆ ಬಣ್ಣದ ಫಲಕ ಏರಿತು. ಡಬ್ಬಿಯೊಳಗಿದ್ದದ್ದು ಎಲ್ಲಿಗೆ ಹೋಯಿತೆಂದು ನಾವ್ಯಾರೂ ಕೇಳಲಿಲ್ಲ.

ಜೂನ್ ಮುಗಿಯುವ ಹೊತ್ತಿಗೆ, ನಾಲ್ಕು ಮಳೆ ಬಿದ್ದ ಮೇಲೆ, ಅಡುಗೆಯವಳು ಒಂದು ದಿನ ತನ್ನ ಮನೆಯಿಂದ ಜೋಳದ ರೊಟ್ಟಿ ತಂದಳು. ಊರಿಂದ ಹೊಸ ಜೋಳ ಬಂದಿತ್ತಂತೆ, ನನ್ನ ಬಾಯಿಗೂ ಬೀಳಲಿ ಎಂದು. ಬಿಸಿ ಮಾಡಿ ಮುರಿದು ಬಾಯಿಗಿಟ್ಟೆ. ಅಗಿಯುವುದನ್ನು ನಿಲ್ಲಿಸಿದೆ. ನನ್ನ ಅಡುಗೆಮನೆಯ ಕಟ್ಟಿಗೆಯ ಕಪಾಟಿಗೆ ಹಿಂದೊಮ್ಮೆ ಗೆದ್ದಲಿನ ಔಷಧ ಹೊಡೆಸಿದ್ದೆ. ಆ ವಾಸನೆ ತಿಂಗಳುಗಟ್ಟಲೆ ಹೋಗಿರಲಿಲ್ಲ. ಅದೇ ವಾಸನೆ ಈಗ ರೊಟ್ಟಿಯಲ್ಲಿತ್ತು.

"ಹಿಟ್ಟು ಯಾವ ನೀರಿನಾಗ ನಾದಿದಿ?"

"ಪಂಪಿನ ನೀರಾಗ್ರಿ. ಯಾಕ್ರಿ, ಉಪ್ಪು ಹೆಚ್ಚಾತೇನ್ರಿ?"

ಉಗುಳಿ, ಬಾಯಿ ತೊಳೆದುಕೊಂಡು, ನೆಟ್ಟಗೆ ಅಂಗಳಕ್ಕೆ ಹೋದೆ. ಇಂಗುಗುಂಡಿಯ ಜಾಳಿಗೆಯ ಮೇಲೆ ಬಗ್ಗಿದೆ. ಮೇಲಿನ ಜಲ್ಲಿಗೆ ಎಣ್ಣೆಯಂಥ ಕಂದು ಜಿಡ್ಡು ಹತ್ತಿತ್ತು. ಕಾವಲುಗಾರನನ್ನು ಕರೆದು ತಾರಸಿಯಿಂದ ಬರುವ ಪೈಪನ್ನು ಆ ಗಳಿಗೆಯಲ್ಲೇ ಬಿಚ್ಚಿಸಿ, ಮಳೆನೀರು ರಸ್ತೆಯ ಕಡೆ ಹೋಗುವಂತೆ ತಿರುಗಿಸಿದೆ. ಇಲ್ಲದಿದ್ದರೆ ಪ್ರತಿ ಮಳೆಯೂ ಆ ವಿಷವನ್ನು ಇನ್ನಷ್ಟು ಕೆಳಕ್ಕೆ ತಳ್ಳುತ್ತಿತ್ತು. ಯಾವುದನ್ನು ತಡ ಮಾಡಬಾರದು ಎಂಬ ಬುದ್ಧಿ ನನಗೆ ಇತ್ತು ಎಂದು ತೋರಿಸಲಿಕ್ಕೆ ಇದನ್ನು ಬರೆಯುತ್ತಿದ್ದೇನೆ.

ಆಮೇಲೆ ಫೋನು ತೆಗೆದು ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಮೇ ತಿಂಗಳಿನವರೆಗೆ ಹಿಂದಕ್ಕೆ ಹೋದೆ. ಸಿಕ್ಕಿತು. ಗವಸು ತೊಟ್ಟ ಅಧ್ಯಕ್ಷರು ನಗುತ್ತ ಡಬ್ಬಿಯೊಂದನ್ನು ಬಗ್ಗಿಸಿ ಹಿಡಿದಿದ್ದಾರೆ. ಡಬ್ಬಿಯ ಕೆಳಗೆ ನನ್ನ ಜಾಳಿಗೆ. ನನ್ನ ಮೈ ಉರಿದುಹೋಯಿತು. ಈ ಮನುಷ್ಯನನ್ನು ಸುಮ್ಮನೆ ಬಿಡುವುದಿಲ್ಲ ಎಂದು ಅಲ್ಲೇ ನಿಂತು ನಿಶ್ಚಯಿಸಿದೆ.

ಮರುದಿನ ಕಡುಗಂದು ಗಾಜಿನ ಬಾಟಲಿಯಲ್ಲಿ ಕಂಠಮಟ್ಟ ಪಂಪಿನ ನೀರು ತುಂಬಿ, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು, ಸ್ವಾರಗೇಟ ಹತ್ತಿರದ ಒಂದು ಖಾಸಗಿ ಪ್ರಯೋಗಾಲಯಕ್ಕೆ ರಿಕ್ಷಾದಲ್ಲಿ ಒಯ್ದೆ. ವಾರದ ಮೇಲೆ ವರದಿ ಬಂತು. ಎರಡು ಕೀಟನಾಶಕಗಳ ಹೆಸರು, ಕೆಳಗೆ ಒಂದು ಸಾಲು: ಕುಡಿಯಲು ಯೋಗ್ಯವಲ್ಲ.

ರೊಟ್ಟಿ ಉಗುಳಿದ ದಿನದಿಂದಲೇ ಅಡುಗೆಯವಳು ನನ್ನ ನಳದಿಂದ ಎರಡು ಕ್ಯಾನು ನೀರು ತುಂಬಿಕೊಂಡು ಹೋಗುತ್ತಿದ್ದಳು. ವರದಿ ಬಂದ ದಿನ ಅವಳನ್ನು ಕೂರಿಸಿಕೊಂಡು ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು.

"ಉಳಿದವರಿಗ್ರಿ?"

"ಹೇಳೂಣು. ಇನ್ನ ಹನ್ನೊಂದು ದಿನಕ್ಕ ಸೊಸೈಟಿಯ ವರ್ಷದ ಸಭಾ ಅದ. ಅಲ್ಲೀತನಕ ಯಾರ ಮುಂದೂ ಸೊಲ್ಲೆತ್ತಬ್ಯಾಡ. ಮಾತು ಹೊರಗ ಬಿತ್ತಂದ್ರ ಆ ಮನಷ್ಯಾ ಫೋಟೋ ಅಳಿಸಿ ಕೈ ತೊಳಕೋತಾನ."

ಫೋಟೋ ಆಗಲೇ ನನ್ನ ಫೋನಿನಲ್ಲಿ ಉಳಿಸಿಟ್ಟಾಗಿತ್ತು. ಅವಳಿಗೆ ಸುಳ್ಳು ಹೇಳಿದೆ. ನಿಜ ಇಷ್ಟೇ: ಮುಂಚೆಯೇ ಸುದ್ದಿಯಾದರೆ ಅವರು ನಾಲ್ಕು ಮಂದಿಯನ್ನು ಹಿಡಿದು, ಒಂದು ಸುತ್ತೋಲೆ ಹೊರಡಿಸಿ, ಮೀಸೆ ಮಣ್ಣಾಗದಂತೆ ಪಾರಾಗುತ್ತಿದ್ದರು. ನನಗೆ ಅವರು ಎಲ್ಲರೆದುರು, ಕುರ್ಚಿಯ ಮೇಲೆ ಕೂತಿರುವಾಗಲೇ ಸಿಕ್ಕಿಬೀಳಬೇಕಾಗಿತ್ತು. ಹನ್ನೊಂದು ದಿನ ಏನು ಮಹಾ, ಇಷ್ಟು ದಿನ ಕುಡಿದಿದ್ದಾರಲ್ಲ ಎಂದುಕೊಂಡೆ. ಈ ಮಾತು ನನ್ನ ತಲೆಯಲ್ಲೇ ಹುಟ್ಟಿದ್ದು, ಬೇರೆ ಯಾರೂ ಹೇಳಿಕೊಟ್ಟದ್ದಲ್ಲ. ಅಡುಗೆಯವಳು ಕ್ಯಾನು ಎತ್ತಿಕೊಂಡು ಹೋದಳು.

ಆ ಹನ್ನೊಂದು ದಿನ ನಾನು ಬಹಳ ಉತ್ಸಾಹದಲ್ಲಿದ್ದೆ. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ? ಲಿಫ್ಟಿನಲ್ಲಿ ಅಧ್ಯಕ್ಷರು ಸಿಕ್ಕರೆ ನಗುನಗುತ್ತ ನಮಸ್ಕಾರ ಹೇಳಿದೆ. ಗುಲಾಬಿ ಹೇಗಿವೆ ಎಂದು ಕೇಳಿದೆ. ಹಳೆಯ ಫೋಟೋಗಳನ್ನು ಕೆದಕಿ ಇನ್ನೊಂದನ್ನು ಹುಡುಕಿದೆ. ಇಂಗುಗುಂಡಿಯ ಉದ್ಘಾಟನೆಯ ದಿನ ಇದೇ ಅಧ್ಯಕ್ಷರು ಅದೇ ಜಾಳಿಗೆಯ ಮುಂದೆ ತೆಂಗಿನಕಾಯಿ ಒಡೆಯುತ್ತಿರುವ ಚಿತ್ರ ಅದು. ಎರಡನ್ನೂ ಝೆರಾಕ್ಸ್ ಅಂಗಡಿಯಲ್ಲಿ ಗೋಡೆಗೆ ಹಚ್ಚುವಷ್ಟು ದೊಡ್ಡದು ಮಾಡಿಸಿದೆ.

ಭಾನುವಾರ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಸಭೆ ನಡೆಯಿತು. ಬಹುಮಾನಕ್ಕಾಗಿ ಅಧ್ಯಕ್ಷರನ್ನು ಅಭಿನಂದಿಸುವ ಠರಾವು ಬರುವವರೆಗೆ ತುಟಿ ಪಿಟಕ್ಕೆನ್ನಲಿಲ್ಲ. ಅದು ಬಂದ ಕೂಡಲೇ ಎದ್ದೆ. ವರದಿ ಓದಿದೆ. ಗವಸಿನ ಫೋಟೋ ಬಿಚ್ಚಿ ಹಿಡಿದೆ.

ಅಧ್ಯಕ್ಷರು ಮೊದಲು ತಬ್ಬಿಬ್ಬಾದರು. ಆಮೇಲೆ ತಮ್ಮ ಫೋನು ನೋಡಿ ಮೀಸೆಯಡಿಯಲ್ಲಿ ನಕ್ಕು, "ಮ್ಯಾಡಮ್, ತ್ಯಾ ಫೋಟೋಲಾ ಪಹಿಲಾ ಅಂಗಠಾ ತುಮಚಾಚ ಆಹೆ," ಎಂದರು.

ಹೌದು. ಅವರು ಆ ಚಿತ್ರ ಹಾಕಿದ ದಿನ ಮೊಟ್ಟಮೊದಲು ಹೆಬ್ಬೆರಳೆತ್ತಿ ಶಹಬ್ಬಾಸ್ ಎಂದವಳು ನಾನೇ. ಸರಿಯಾಗಿ ನೋಡದೆ ಒತ್ತಿದ್ದೆ. ಸಭೆಯೆಲ್ಲ ಗೊಳ್ಳೆಂದಿತು. ಫೋಟೋವನ್ನು ಇನ್ನಷ್ಟು ಮೇಲೆತ್ತಿ ಹಿಡಿದೆ.

"ನಾನು ನೋಡದೆ ಒತ್ತಿದೆ. ನೀವು ನೋಡಿ ಸುರಿದಿರಿ," ಎಂದು ಮರಾಠಿಯಲ್ಲಿ ಹೇಳಿದೆ.

"ಅದು ಗಟಾರವೆಂದು ತಿಳಿದೆ," ಎಂದರು ಅವರು.

ಆಗ ಎರಡನೆಯ ಚಿತ್ರ ಬಿಚ್ಚಿದೆ. "ಗಟಾರಕ್ಕೆ ತೆಂಗಿನಕಾಯಿ ಒಡೆಯುವ ಪದ್ಧತಿ ಯಾವ ಊರಿನದು?"

ಯಾರೂ ನಗಲಿಲ್ಲ. ಅಧ್ಯಕ್ಷರ ಮುಖದ ಬಣ್ಣ ತಿರುಗಿದ್ದನ್ನು ನಾನು ಎರಡು ಕಣ್ಣು ಸಾಲದು ಎನ್ನುವಂತೆ ನೋಡಿದೆ. ಅವರು ಎದ್ದು ನಿಂತು, ನನ್ನ ಕಡೆ ತಿರುಗಿ, ಎರಡೂ ಕೈ ಜೋಡಿಸಿ ಮಾಫಿ ಕೇಳಿದರು. ಅಲ್ಲೇ ರಾಜೀನಾಮೆ ಬರೆದುಕೊಟ್ಟರು. ಕಾವಲುಗಾರ ಫಲಕದ ಸ್ಕ್ರೂಗಳನ್ನು ಬಿಚ್ಚುವಾಗ ನಾನು ಮಳೆಯಲ್ಲಿ ಕೊಡೆ ಹಿಡಿದು ನಿಂತಿದ್ದೆ, ಕೊನೆಯ ಸ್ಕ್ರೂ ಬರುವವರೆಗೂ.

ಸೋಮವಾರ ವರದಿಯನ್ನು ನಗರಪಾಲಿಕೆಯ ಕಚೇರಿಗೆ ಕೊಟ್ಟೆ. ಅವರು ಮಧ್ಯಾಹ್ನವೇ ಬಂದು ಪಂಪಿನ ಹಿಡಿಕೆಗೆ ಸರಪಳಿ ಬಿಗಿದು, ಕೆಂಪು ಬಣ್ಣದಲ್ಲಿ ಅಡ್ಡಗೀಟು ಎಳೆದರು. ಗುಂಡಿಯ ಜಲ್ಲಿ, ಮರಳನ್ನೆಲ್ಲ ತೆಗೆದೊಯ್ಯಬೇಕು, ನೀರನ್ನು ಮತ್ತೆ ಮತ್ತೆ ಪರೀಕ್ಷಿಸಬೇಕು, ಎಷ್ಟು ಕಾಲವೋ ಹೇಳಲಾಗದು ಎಂದರು. ಆ ಎರಡು ದಿನ ಅಡುಗೆಯವಳು ಕೆಲಸಕ್ಕೆ ಬಂದಿರಲಿಲ್ಲ.

ಮಂಗಳವಾರ ಬಂದಳು. ನಾನು ಅವಳಿಗೆ ಚಹಾ ಕೊಟ್ಟು ಎದುರು ಕೂತು, ಸಭೆಯ ಕತೆಯನ್ನು ಅಧ್ಯಕ್ಷರ ಮುಖದ ಸಮೇತ ಅಭಿನಯಿಸಿ ಹೇಳಿದೆ. ಹೆಬ್ಬೆರಳಿನ ಸಂಗತಿಯನ್ನೂ ಬಿಡಲಿಲ್ಲ. ಅವಳು ನಗುತ್ತಾಳೆಂದು ಕಾದೆ. ನಗಲಿಲ್ಲ.

"ಅವ್ರು ನಿಮಗ್ಯಾಕ ಮಾಫಿ ಕೇಳಿದ್ರು, ಬಾಯಾರ? ನೀರು ಕುಡದವ್ರು ನಾವಲ್ಲೇನ್ರಿ?"

ನನಗೆ ಸಿಟ್ಟು ಬಂತು. ಇಷ್ಟೆಲ್ಲ ಮಾಡಿದ್ದು ಯಾರಿಗಾಗಿ ಎಂದು ಕೇಳಬೇಕೆನ್ನುವಷ್ಟರಲ್ಲಿ ಅವಳೇ ಮುಂದುವರಿಸಿದಳು.

"ನೀವು ಹನ್ನೊಂದು ದಿನ ಅಂದ್ರಿ. ನಾ ನಾಕು ದಿನ ತಡದೆ, ಆಮ್ಯಾಲ ಆಗಲಿಲ್ರಿ. ಐದನೇ ದಿನ ಸಾಲಿನಾಗ ಎಲ್ಲಾರಿಗೂ ಹೇಳಿಬಿಟ್ಟೆ, ಪಂಪಿನ ನೀರು ಬಾಯಿಗೆ ಹಾಕಬ್ಯಾಡ್ರಿ ಅಂತ."

ನನ್ನೆದೆಯ ಮೇಲಿನ ಒಂದು ಕಲ್ಲು ಇಳಿದಂತಾಯಿತು. ಆ ಕಲ್ಲು ಅಲ್ಲಿತ್ತೆಂದು ತಿಳಿದದ್ದೂ ಆಗಲೇ. "ಛಲೋ ಮಾಡಿದಿ," ಎಂದೆ.

"ಏನ್ ಛಲೋರಿ? ಬಾಜೂ ಮನ್ಯಾಗ ನಮ್ಮ ನಾದಿನಿ ಇರ್ತಾಳ. ಈಗ ಏಳನೇ ತಿಂಗಳರಿ ಅಕಿಗೆ. ಆ ನಾಕು ದಿನ ದಿನಾ ಮುಂಜಾನೆ ಆ ನೀರು ತುಂಬಕೊಂಡು ನನ್ನ ಮುಂದನ ಹೋಗತಿದ್ಲು. ನಾ ಒಳಗ ನಿಮ್ಮ ಕ್ಯಾನಿನ ನೀರು ಕುಡದು ಸುಮ್ನ ಕುಂತಿದ್ದೆ. ನೀವು ಹೇಳಬ್ಯಾಡ ಅಂದಿದ್ರಿ ಅಂತ." ಅವಳು ಚಹಾದ ಕಪ್ಪನ್ನು ಕೆಳಗಿಟ್ಟಳು. ಒಂದು ಗುಟುಕನ್ನೂ ಕುಡಿದಿರಲಿಲ್ಲ. "ಅಕಿ ಈಗ ಕೇಳಾಕತ್ಯಾಳ್ರಿ, ವೈನಿ, ನಿನಗ ಯಾವಾಗ ಗೊತ್ತಾತು ಅಂತ. ಏನು ಹೇಳಲಿ? ನೀವು ಅವ್ರ ಕಡೆಯಿಂದ ಮಾಫಿ ಇಸಗೊಂಡ್ರಿ. ನಾ ಯಾವ ಬಾಯಿಲೇ ಅಕೀ ಕಡೆ ಮಾಫಿ ಕೇಳಲಿ?"

ಅಧ್ಯಕ್ಷರು ಮಾಡಿದ್ದು ತಿಳಿಗೇಡಿತನ. ಅದಕ್ಕಾಗಿ ಅವರನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಆಲೋಚನೆಯೂ ಇಲ್ಲ. ಆದರೆ ಕೊಡಕ್ಕೆ ತುಂಬುತ್ತಿರುವುದು ಏನೆಂದು ತಿಳಿದೂ ಬಾಯಿ ಮುಚ್ಚಿಕೊಂಡು ದಿನ ಎಣಿಸಿದವಳು ನಾನು. ನನ್ನ ಜೊತೆಗೆ ಇವಳ ಬಾಯನ್ನೂ ಮುಚ್ಚಿಸಿದ್ದೆ.

ಎದ್ದು ಚಪ್ಪಲಿ ಮೆಟ್ಟಿಕೊಂಡೆ. "ನಡಿ, ನಿನ್ನ ನಾದಿನಿ ಮನಿಗೆ ಹೋಗೂಣು. ನಾನೇ ಹೇಳತೇನಿ ಅಕಿಗೆ, ಹೇಳಬ್ಯಾಡ ಅಂತ ತಡದಾಕಿ ನಾನು ಅಂತ."

ಅವಳು ಕೂತಲ್ಲಿಂದ ಏಳಲಿಲ್ಲ.

"ಈಗ ಸಿಗೂದಿಲ್ರಿ ಅಕಿ," ಎಂದಳು. "ಪಂಪಿಗೆ ಸರಪಳಿ ಬಿದ್ದದಲ್ರಿ. ಕೊಡ ತೊಗೊಂಡು ಇಳಿಜಾರು ಇಳದು ಕೆಳಗಿನ ನಳಕ್ಕ ಹೋಗ್ಯಾಳ."